ಗೌರವ್ವ ಚಿಗವ್ವ ಕುಡಿದ ಭೇದಿ ಉಪ್ಪು

ಕುದಿಯುವ ನೀರಿಗೆ ಅಜವಾನ ಬಿದ್ದಾಗ ಏಳುವ ಖಾರದ ವಾಸನೆ ಇಂದಿಗೂ ನನ್ನ ನಾಲಿಗೆಯ ಬುಡದಲ್ಲಿ ಒಂದು ಹಳೆಯ ಕಹಿಯನ್ನು ಎಬ್ಬಿಸುತ್ತದೆ. ನಿಮ್ಮ ಬಾಲ್ಯದಲ್ಲೂ ಹೊಟ್ಟೆ ತೊಳೆಯುವ ಅಂಥದೊಂದು ಬೆಳಗು ಇದ್ದೀತು. ಕುಷ್ಟಗಿಯ ನಮ್ಮ ಮನೆಗೆ ಅದು ಬೇಸಿಗೆ ಮುಗಿಯುವ ಹೊತ್ತಿಗೆ ಬರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿ, ಬಿಸಿನೀರಿನಲ್ಲಿ ಭೇದಿ ಉಪ್ಪು ಕರಗಿಸಿ ಕುಡಿಸುತ್ತಿದ್ದಳು. ಅದರ ಬೆನ್ನಿಗೆ ಅಜವಾನದ ನೀರು, ಮಧ್ಯಾಹ್ನದವರೆಗೆ ಮತ್ತೆ ಮತ್ತೆ ನೀರು, ಕೊನೆಗೆ ತೆಳ್ಳನೆಯ ಗಂಜಿ. ಗಾಜಿನ ಚೂರಿನಂತೆ ಹೊಳೆಯುವ ಆ ಹರಳುಗಳನ್ನು ಅಪ್ಪ ಗದಗಿನಿಂದ ತರುತ್ತಿದ್ದ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು; ನಮ್ಮ ಓಣಿಯಲ್ಲಿ ಯಾರಿಗೆ ಹೊಟ್ಟೆ ಕಟ್ಟಿದರೂ ಮೊದಲು ಆಯಿಯ ಬಾಗಿಲಿಗೆ ಬರುತ್ತಿದ್ದರು. ಆ ಹರಳು ಮೆಗ್ನೀಸಿಯಂ ಇರುವ ಉಪ್ಪೆಂದು ನನಗೆ ತಿಳಿದದ್ದು ತಲೆ ನೆರೆತ ಮೇಲೆ.

ಗೌರವ್ವ ಚಿಗವ್ವ ನಮ್ಮ ಕಾಕಾನ ಹೆಂಡತಿ, ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವಳು. ಅವಳಿಗೆ ಮಕ್ಕಳಾಗಿರಲಿಲ್ಲ, ಅದಕ್ಕೇ ಏನೋ ನಾವೆಲ್ಲ ಅವಳ ಸೆರಗು ಹಿಡಿದೇ ಬೆಳೆದೆವು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಅವಳು ಹಾಡತೊಡಗಿದರೆ, ಅವ್ವ ಎಬ್ಬಿಸುವ ಮೊದಲೇ ನನಗೆ ಎಚ್ಚರವಾಗುತ್ತಿತ್ತು. ಬೆಚ್ಚಗಿನ ಜೋಳದ ಹಿಟ್ಟಿನ ಕಂಪು ಅವಳ ತೋಳಿಗೆ, ಸೀರೆಗೆ, ಕೂದಲಿಗೆಲ್ಲ ಹತ್ತಿಕೊಂಡಿರುತ್ತಿತ್ತು. ಒಂದು ಚಳಿಗಾಲ ಅವಳ ಕಾಲು ಬಾತವು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತಿತ್ತು, ಕಾಲ್ಗಡಗ ಮಾಂಸದಲ್ಲಿ ಹೂತು ಕೂತಿತ್ತು. ಸೊಸೆಯನ್ನು ಮಗಳಂತೆ ನೋಡುತ್ತಿದ್ದ ಆಯಿ, ಮೈಯಲ್ಲಿ ಕೆಟ್ಟ ನೀರು ತುಂಬಿದೆ, ಇಳಿಸಬೇಕು ಎಂದು ದಿನಾ ಬೆಳಿಗ್ಗೆ ಭೇದಿ ಉಪ್ಪು ಕೊಡತೊಡಗಿದಳು. ನೀರು ಕುಡಿದರೆ ಬಾವು ಹೆಚ್ಚೀತೆಂದು ಅದರ ಮೇಲೆ ನೀರನ್ನೂ ಕೊಡಲಿಲ್ಲ. "ಬಾಯಿ ಒಣಗತೈತ್ರಿ ಅತ್ತಿ," ಎನ್ನುತ್ತಿದ್ದಳು ಚಿಗವ್ವ. "ಇನ್ನ ನಾಕ್ ದಿನ ತಡಿ ನನ್ನವ್ವಾ," ಎಂದು ಆಯಿ ಅವಳ ಗಲ್ಲ ಹಿಡಿದು ಕುಡಿಸುತ್ತಿದ್ದಳು. ಅತ್ತೆಯ ಕೈಯಿಂದ ಬಂದದ್ದನ್ನು ಚಿಗವ್ವ ಒಲ್ಲೆನ್ನಲಿಲ್ಲ.

ಕ್ರಮೇಣ ಅವಳ ಹಾಡು ನಿಧಾನವಾಯಿತು. ಮಾತು ನಾಲಿಗೆಗೆ ತೊಡರಿದಂತೆ ಬರುತ್ತಿತ್ತು. ಮಗ್ಗುಲಿಗೆ ಕೂತವರು ಏನಾದರೂ ಕೇಳಿದರೆ, ದೂರದ ಹೊಲದಿಂದ ಯಾರೋ ಕೂಗಿದ್ದನ್ನು ಆಲಿಸುವವಳಂತೆ ಸುಮ್ಮನೆ ನೋಡಿ, ಆಮೇಲೆ ಹೂಂಗುಟ್ಟುವಳು. ತಂಬಿಗೆ ಅವಳ ಕೈಯಿಂದ ಜಾರಿ ಬೀಳುತ್ತಿತ್ತು. ಹೊರಕಡೆಗೆ ಹೋಗಿ ಬಂದ ಮೇಲೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಾಕಾ, "ಹಾಡಾ ಹಗಲಿ ನಿದ್ದಿ ಮಾಡೂದಕ್ಕ ಇದೊಂದು ನೆವ," ಎಂದು ಬೈದ. ಅವಳು ಮರುಮಾತಾಡಲಿಲ್ಲ, ಮಾತಾಡುವ ತ್ರಾಣವೇ ಅವಳಲ್ಲಿ ಇರಲಿಲ್ಲವೆಂದು ನಮಗೆ ತಿಳಿಯಲಿಲ್ಲ. ಮರುದಿನ ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ಅವಳು ಒರಗಿದಳು. ಅವ್ವ ಭುಜ ಹಿಡಿದು ಅಲುಗಾಡಿಸಿದರೂ ಕಣ್ಣು ಅರ್ಧವಷ್ಟೇ ತೆರೆದವು, ಉಸಿರು ಎಷ್ಟೋ ಹೊತ್ತಿಗೊಮ್ಮೆ ಬರುತ್ತಿತ್ತು. ಕಾಕಾ ಬರಿಗಾಲಲ್ಲೇ ದವಾಖಾನೆಗೆ ಓಡಿದ.

ಬಂದ ಡಾಕ್ಟರ್ ಸಾಹೇಬರು ಗಡ್ಡ ನೆರೆತ, ಮೆಲುದನಿಯ ಮನುಷ್ಯ. ಚಿಗವ್ವನ ಕಾಲನ್ನು ತಮ್ಮ ಕೈ ಮೇಲೆ ಇಟ್ಟುಕೊಂಡು ಮೊಣಕಾಲಿನ ಕೆಳಗೆ ಬೆರಳಿನಿಂದ ಬಡಿದರು. ಕಾಲು ಮಿಸುಕಲಿಲ್ಲ. ನನ್ನನ್ನು ಹತ್ತಿರ ಕರೆದು ಹಾಗೆಯೇ ಬಡಿದರು; ನನ್ನ ಕಾಲು ತಾನಾಗಿ ಚಿಮ್ಮಿತು. ನಗು ಬಂದೇಬಿಟ್ಟಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. "ಈಕಿಗೆ ಏನ್ ಕೊಡಾಕತ್ತೀರಿ?" ಎಂದು ಕೇಳಿದರು. ಆಯಿ ಒಳಗೆ ಹೋಗಿ ಉಪ್ಪಿನ ಪೊಟ್ಟಣ ತಂದು ತೋರಿಸಿದಳು. ಉಚ್ಚೆ ಎಷ್ಟು ಆಗುತ್ತಿದೆ ಎಂದು ಕೇಳಿದಾಗ, ಈಗೀಗ ಬಹಳ ಕಡಿಮೆ ಎಂದಳು ಅವ್ವ.

"ಇದು ವಿಷ ಅಲ್ರಿ, ತಾಯಿ," ಎಂದರು ಅವರು, ಆಯಿಯ ಕಡೆ ತಿರುಗಿ. "ಗಟ್ಟಿ ಇದ್ದವ್ರಿಗೆ ಯಾವಾಗರ ಒಮ್ಮಿ, ಮ್ಯಾಲ ನೀರು ಕುಡಿಸಿ ಕೊಟ್ರ ಹೊಟ್ಟಿ ಹಗುರಾಕೈತಿ. ದಿನಾ ಕೊಡಬಾರ್ದು. ಹೊಟ್ಟಿ ಕಡಿತ, ವಾಂತಿ ಇದ್ರ ಮುಟ್ಟಸಬಾರ್ದು. ಈಕಿಗಂತೂ ಗುರ್ದಾನ ಕೆಟ್ಟಾವ, ಉಚ್ಚಿ ಮಾಡೋ ಅಂಗ. ಒಳಗ ಹೋದ ಉಪ್ಪು ಹೊರಗ ಹೋಗವಲ್ದು. ನೆತ್ತರದಾಗ ಕೂಡಿ ಕೈಕಾಲು, ಉಸಿರು ಎಲ್ಲಾ ಮಂಕ ಮಾಡೈತಿ."

ಆಯಿ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದಳು. "ನನ್ನ ಕೈಲೇ ಕೊಟ್ಟೀನ್ರಿ," ಎಂದಳು. ಸಾಹೇಬರು ತಮ್ಮ ಪೆಟ್ಟಿಗೆಯಿಂದ ಸೂಜಿಮದ್ದು ತೆಗೆದರು.

ಉಪ್ಪು ನಿಂತಿತು. ಸೂಜಿಯ ಗುಣವೋ, ಅವಳ ಆಯುಷ್ಯವೋ, ಕೆಲವು ದಿನಗಳಲ್ಲಿ ಚಿಗವ್ವ ಎಚ್ಚರಾದಳು, ನಮ್ಮ ಹೆಸರು ಹಿಡಿದು ಕರೆದಳು. ಆದರೆ ಆಯಿ ಅವಳು ಮಲಗಿದ್ದ ಕೋಣೆಯ ಹೊಸ್ತಿಲು ದಾಟಲಿಲ್ಲ. ಅವಳ ಊಟವನ್ನು ಅವ್ವನ ಕೈಯಲ್ಲಿ ಕಳಿಸಿ, ತಾನು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂಡುತ್ತಿದ್ದಳು. ಒಂದು ಮಧ್ಯಾಹ್ನ ಚಿಗವ್ವ ಗೋಡೆ ಹಿಡಿಯುತ್ತ ತಾನೇ ಅಡುಗೆಮನೆಗೆ ಬಂದಳು. ಆಯಿಯ ಎದುರಿಗೆ ಕಷ್ಟಪಟ್ಟು ಕೂತು, "ಅತ್ತಿ, ಹಸಿವಾಗೈತ್ರಿ. ನಿಮ್ಮ ಕೈಲೇ ಉಣಸ್ರಿ," ಎಂದಳು. ತುತ್ತು ಎತ್ತಿದ ಆಯಿಯ ಕೈ ಅರ್ಧಕ್ಕೇ ನಿಂತು ಗಂಜಿ ಚಿಗವ್ವನ ಸೀರೆಯ ಮೇಲೆ ಚೆಲ್ಲಿತು. ಚಿಗವ್ವ ಆ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದು ಬಾಯಿಗೆ ತಂದುಕೊಂಡಳು. ಇಬ್ಬರ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅಷ್ಟು ಸದ್ದಿಲ್ಲದ ಅಳುವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಕೆಟ್ಟ ಗುರ್ದಾ ಸರಿಹೋಗಲಿಲ್ಲ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಚಿಗವ್ವ ತೀರಿಕೊಂಡಳು. ಕಾಕಾ ಮತ್ತೆ ಮದುವೆಯಾಗಲಿಲ್ಲ. ಗಂಗಾವತಿಗೆ ಹೋಗಿ ಅಲ್ಲೇ ಒಬ್ಬನೇ ಉಳಿದ. ಆಯಿ ಹೋದಳು, ಅಪ್ಪ ಅವ್ವ ಹೋದರು, ಪಡಸಾಲೆ ಇದ್ದ ಜಾಗದಲ್ಲಿ ರಸ್ತೆ ಅಗಲವಾಯಿತು. ನನ್ನ ಜೊತೆ ಬೆಳೆದವರಲ್ಲಿ ಕೊನೆಯ ತಮ್ಮನೂ ಕಳೆದ ಚಳಿಗಾಲ ಹೋದ. ಮಕ್ಕಳಿಲ್ಲದ ಆ ಹೆಣ್ಣುಮಗಳನ್ನು ಚಿಗವ್ವ ಎಂದು ಕರೆಯಬಲ್ಲವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಒಮ್ಮೆ ಬಾಯಿಬಿಟ್ಟು ಕರೆಯುತ್ತೇನೆ.