ತುಟಿಯೊಳಗಿನ ಕಲ್ಲು

ನೂಲು ಸುತ್ತಿದ ಕಡ್ಡಿ, ಅಂದರೆ ಕಂಡಿಕೆ, ಖಾಲಿಯಾದಾಗಲೆಲ್ಲ ಲಾಳಿಯೊಳಗೆ ಹೊಸದನ್ನು ಹಾಕಿ, ಲಾಳಿಯ ತೂತಿಗೆ ತುಟಿ ಇಟ್ಟು ಉಸಿರೆಳೆಯಬೇಕು. ಆಗ ರೇಷ್ಮೆ ಎಳೆ ಈಚೆ ಬರುತ್ತದೆ. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಕೇರಿಯಲ್ಲಿ ಎಲ್ಲರೂ ಹೀಗೇ ಮಾಡುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಒಂದೇ ಉಸಿರಿಗೆ ಎಳೆ ತೆಗೆಯುತ್ತಿದ್ದೆ. ಎರಡನೇ ಸಲ ಎಳೆಯುವವರನ್ನು ಕಂಡರೆ ನಗುತ್ತಿದ್ದೆ.

ಕೆಳತುಟಿಯ ಒಳಗೆ ಚಿಕ್ಕಂದಿನಿಂದ ಒಂದು ನೀಲಿ ಉಬ್ಬು ಇತ್ತು. ಮೆತ್ತಗಿತ್ತು, ನೋವಿರಲಿಲ್ಲ. ಹೋದ ವರ್ಷ ಅದು ನೇರಳೆ ಹಣ್ಣಿನಷ್ಟಾಯಿತು. ಬಗ್ಗಿದರೆ ಊದುತ್ತಿತ್ತು. ನಾಲಿಗೆಯಿಂದ ಒತ್ತಿದರೆ ಅನ್ನದಲ್ಲಿ ಸಿಕ್ಕ ಕಲ್ಲಿನಂಥದ್ದೇನೋ ತಾಕುತ್ತಿತ್ತು. ತುಟಿ ಲಾಳಿಗೆ ಕೂರದೆ ಗಾಳಿ ಸೋರತೊಡಗಿತು. ಕ್ಯಾನ್ಸರ್ ಎಂದೇ ನಂಬಿದೆ. ಹೆಂಡತಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಕನ್ನಡಿ ಮುಂದೆ ನಿಂತು, ಹುರಿ ಮಾಡಿದ ರೇಷ್ಮೆಯಿಂದ ಅದರ ಬುಡಕ್ಕೆ ಗಂಟು ಹಾಕಿ ಬಿಗಿದೆ. ನರಹುಲಿ ಉದುರಲೆಂದು ನಮ್ಮಲ್ಲಿ ಹಾಗೆ ಕಟ್ಟುತ್ತಾರೆ. ಬಿಗಿದ ದಾರ ಮಾಂಸವನ್ನೇ ಕೊಯ್ದುಬಿಟ್ಟಿತು. ಅಂಗಿಯೆಲ್ಲ ರಕ್ತ.

"ಏನ್ರೀ ಮಾಡ್ಕೊಂಡ್ರಿ! ಯಾವಾಗ್ಲಿಂದ ಇತ್ರೀ ಇದು?" ಎನ್ನುತ್ತ ಹೆಂಡತಿ ಬಾಯಿಗೆ ಬಟ್ಟೆ ಒತ್ತಿ, ಆಟೋದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರಮ್ಮ ರಕ್ತ ನಿಲ್ಲಿಸಿ ಎಕ್ಸ್‌ರೇ ನೋಡಿದರು.

"ಗಂಟೇನೋ ಚೆನ್ನಾಗೇ ಹಾಕಿದೀರ. ಮಗ್ಗದೋರಾ?"

"ಹೂಂ ಮೇಡಂ. ಕ್ಯಾನ್ಸರಾ?"

"ಹಂಗೆ ಕಾಣಲ್ಲ. ರಕ್ತನಾಳಗಳು ಹುಟ್ಟಿನಿಂದ್ಲೇ ಸಿಕ್ಕಾಗಿವೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ, ಸುಣ್ಣ ಸೇರ್ಕೊಂಡು ಕಲ್ಲಾಗಿದೆ. ಸ್ಕ್ಯಾನ್ ಮಾಡಿಸ್ದೆ ನಾವೇ ಕತ್ತರಿ ಹಾಕಲ್ಲ. ನೀವು ದಾರ ಹಾಕಿದೀರಲ್ರೀ!"

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕ್ಯಾನ್ಸರ್ ಅಲ್ಲವೆಂದರು. ಉಬ್ಬು ಕುಗ್ಗಲು ಎರಡು ಸಲ ಇಂಜೆಕ್ಷನ್ ಕೊಟ್ಟು, ಆಮೇಲೆ ಕೊಯ್ದು ತೆಗೆದರು. ತಟ್ಟೆಯಲ್ಲಿ ಮೂರು ಬಿಳಿ ಕಲ್ಲು. ಅಲ್ಲಿನ ಡಾಕ್ಟರು ಅಂದರು: "ನೀವು ಬಿಗಿದ ಕಡೆ ನರಕ್ಕೆ ಏಟಾಗಿದೆ. ತುಟಿ ಜೋಮು ಪೂರ್ತಿ ಬಿಡುತ್ತೋ ಇಲ್ವೋ, ಹೇಳಕ್ಕಾಗಲ್ಲ."

ಗಾಯ ಮಾಗಿದ ಮೇಲೆ ಮಗ್ಗಕ್ಕೆ ಬಂದು ಲಾಳಿ ಎತ್ತಿದೆ. ತುಟಿಗೆ ತಾಕಿದ್ದೇ ಗೊತ್ತಾಗಲಿಲ್ಲ. ಎಳೆದೆ, ಬರೀ ಗಾಳಿ. ಮತ್ತೆ ಎಳೆದೆ. ಎಳೆದೂ ಎಳೆದೂ ಕಣ್ಣು ಕತ್ತಲಿಟ್ಟಿತು. ಪಕ್ಕದ ಮಗ್ಗದವನು ನೋಡುತ್ತಿದ್ದ. ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಂಡಿಕೆ ಸುತ್ತುತ್ತಿದ್ದ ಹೆಂಡತಿ ಎದ್ದು ಬಂದಳು. "ಕೊಡ್ರಿ ಇಲ್ಲಿ." ಒಂದೇ ಉಸಿರಿಗೆ ಎಳೆ ತೆಗೆದು ಲಾಳಿಯನ್ನು ನನ್ನ ಕೈಗಿಟ್ಟಳು.

ಮಗ್ಗ ಚಾಲೂ ಮಾಡಿದೆ. ಆ ಕಂಡಿಕೆ ಬೇಗ ಮುಗಿಯದಿರಲಿ ಎಂದುಕೊಳ್ಳುತ್ತ, ಓಡುವ ಲಾಳಿಯನ್ನೇ ನೋಡುತ್ತ ನಿಂತೆ.