ಎರಡನೇ ಗೇರಿನ ಸದ್ದು

ಹಂಪಾಪುರದ ಏರಿನಲ್ಲಿ ಕಾರನ್ನು ಎರಡನೇ ಗೇರಿಗೆ ಹಾಕಿದ್ದೇ ತಡ, ರಸ್ತೆ ಬದಿಯ ಮನೆಯಿಂದ ಹೆಂಗಸೊಬ್ಬಳು ನೀರಿನ ಚೊಂಬು ಹಿಡಿದು ಓಡಿಬಂದಳು. ಕಾರು ಕಂಡು ಗಕ್ಕನೆ ನಿಂತಳು. ನಾನೂ ನಿಲ್ಲಿಸಿದೆ.

“ನಮ್ಮ ಯಜಮಾನ್ರು ಓಡಿಸ್ತಿದ್ದ ಬಸ್ಸು ಅಂದ್ಕಂಡೆ ಬುದ್ಧಿ, ಅದೇ ಸದ್ದು. ದಿನಾ ಇಲ್ಲೇ ನೀರು ಕುಡ್ದೋಗೋರು. ಅವ್ರು ತೀರೋಗಿ ವರ್ಸಾದ್ರೂ ಕಾಲು ಕೇಳಾಕಿಲ್ಲ.”

ನನ್ನದು ತಾನಾಗಿ ಗೇರು ಬದಲಿಸಿಕೊಳ್ಳುವ ಅಮೆರಿಕದ ಕಾರು. ಅದು ಕೆಟ್ಟಾಗ, ಯುದ್ಧದ ಕಾಲವಾದ್ದರಿಂದ ಬಿಡಿಭಾಗ ಸಿಗಲಿಲ್ಲ. ಕೋಟೆ ಊರಿನ ಗ್ಯಾರೇಜು ಮೇಸ್ತ್ರಿ, ಗುಜರಿಗೆ ಬಿದ್ದಿದ್ದ ಇದೇ ದಾರಿಯ ಸರಗೂರು ಬಸ್ಸಿನ ಗೇರ್ ಬಾಕ್ಸು ಬಿಚ್ಚಿ, ಕೈಯಲ್ಲಿ ಗೇರು ಹಾಕುವಂತೆ ಜೋಡಿಸಿಕೊಟ್ಟಿದ್ದ. ಎರಡನೇ ಗೇರಿನಲ್ಲಿ ಮಾತ್ರ ಅದು ಊಳಿಡುತ್ತಿತ್ತು.

ಅವಳ ಕೈಯಿಂದ ಚೊಂಬು ಇಸಕೊಂಡು ನೀರು ಕುಡಿದು ವಾಪಸು ಕೊಟ್ಟೆ. ಆ ಸದ್ದು ಅಡಗಿಸಲೆಂದೇ ಕೋಟೆಗೆ ಹೊರಟಿದ್ದವನು, ಅಲ್ಲಿಂದಲೇ ಕಾರು ತಿರುಗಿಸಿದೆ.