ಈರಕ್ಕನ ಮಡಕೆಯ ಸೀಕು

ರಾಗಿಮುದ್ದೆ ತಿರುವಿ ತೆಗೆದ ಮೇಲೆ ಮಡಕೆಯ ತಳಕ್ಕೆ ಹತ್ತಿ ಉಳಿಯುತ್ತದಲ್ಲ, ಅದೇ ಸೀಕು. ಶ್ರೀರಾಂಪುರದಲ್ಲಿ ಈರಕ್ಕ, ಓಬಮ್ಮ ಇಬ್ಬರು ಗೆಳತಿಯರೂ ಬೆಳೆದದ್ದು ಅದನ್ನು ತಿಂದುಕೊಂಡು. ಮುದ್ದೆ ಗಂಡಸರ ತಟ್ಟೆಗೆ ಹೋಗುತ್ತಿತ್ತು, ಸೀಕು ಹುಡುಗಿಯರ ಪಾಲಿಗೆ. ಈರಕ್ಕ ಖಾಲಿ ಮಡಕೆಯನ್ನು ಮತ್ತೆ ಕೆಂಡದ ಮೇಲಿಟ್ಟು ಸುಮ್ಮನೆ ಕೂರುತ್ತಿದ್ದಳು. ಓಬಮ್ಮನಿಗೆ ತಡೆಯಲಾಗದು, ಸೌಟು ಹಿಡಿದು ಕೆರೆಯಲು ಹೋಗುತ್ತಿದ್ದಳು.

“ಲೇ ಓಬಿ, ಕೈ ತಗಿ! ತಡಿ, ತಾನೇ ಬಿಡ್ತೈತೆ. ಮೂರು ದಿನ ಉಪವಾಸ ಇದ್ದೋಳಂಗೆ ಆಡ್ತೀಯಲ್ಲ!”

ಸ್ವಲ್ಪ ಹೊತ್ತಿಗೆ ಸೀಕು ಚಟಚಟನೆ ಎದ್ದು ಹಪ್ಪಳದಂತೆ ಇಡಿಯಾಗಿ ಕೈಗೆ ಬರುತ್ತಿತ್ತು. ಮೇಲೆ ಹುಚ್ಚೆಳ್ಳು ಪುಡಿ. ದೊಡ್ಡ ಚೂರು ಯಾವಾಗಲೂ ಓಬಮ್ಮನಿಗೆ.

ಈರಕ್ಕ ಮದುವೆಯಾಗಿ ಮದಕರಿಪುರಕ್ಕೆ ಹೋದಳು. ಕುರಿ ಸಾಕುವ ದೊಡ್ಡ ಮನೆ, ದಿನಕ್ಕೆ ಹನ್ನೆರಡು ಜನರಿಗೆ ಮುದ್ದೆ. ಓಬಮ್ಮ ಹಿರಿಯೂರಿನ ಕಡೆ ಬಬ್ಬೂರು ಫಾರಮ್ಮಿನಲ್ಲಿ ಕೂಲಿಗೆ ಸೇರಿದಳು. ಯಾವಾಗ ಗೆಳತಿಯ ಮನೆಗೆ ಹೋದರೂ ಸೀಕು ಕಾದಿರುತ್ತಿತ್ತು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಮ್ಮೆ, ತುಂಬು ಬಸುರಿ ಈರಕ್ಕ ಆ ಭಾರದ ಮಡಕೆಯನ್ನು ಇಳಿಸುವುದು ಕಂಡು ಓಬಮ್ಮನಿಗೆ ಸಂಕಟವಾಯಿತು. ಮುಂದಿನ ಸಲ ದೊಡ್ಡದೊಂದು ಅಲ್ಯುಮಿನಿಯಂ ಪಾತ್ರೆ ಹೊತ್ತು ಬಂದಳು.

“ಅಯ್ಯೋ, ಸಿಲ್ವಾರದ ಪಾತ್ರೆ! ನಾನೇನು ಸಾವ್ಕಾರ್ತಿಯೇನೇ?” ಈರಕ್ಕ ನಕ್ಕಳು. ಹಳೆಯ ಮಡಕೆ ಕೋಳಿಗಳ ನೀರಿಗೆ ಹೋಯಿತು.

ಅಲ್ಲಿಂದಾಚೆ ಓಬಮ್ಮನಿಗೆ ಬಿಸಿಮುದ್ದೆ, ಹುರುಳಿಸಾರು ಸಿಕ್ಕಿತು, ಸೀಕು ಸಿಗಲಿಲ್ಲ. ಕೇಳಲು ನಾಚಿಕೆ. ಎರಡು ವರ್ಷ ನುಂಗಿಕೊಂಡು, ಒಂದು ದಿನ ಹೊರಡುವಾಗ ಕುಟುಕಿಯೇ ಬಿಟ್ಟಳು: “ಈಗ ಸೀಕು ನಿನ್ನ ಮಕ್ಕಳಿಗೇ ಸಾಲ್ದೇನೋ ಬಿಡು. ನಾವೆಲ್ಲ ಹೊರಗಿನೋರು.”

ಈರಕ್ಕ ಏನೋ ಹೇಳಲು ಬಾಯಿ ತೆರೆದವಳು, “ಯುಗಾದಿಗೆ ಬಾರೇ, ಕೊಡ್ತೀನಿ” ಎಂದಷ್ಟೇ ಅಂದಳು.

ಯುಗಾದಿಗೆ ಓಬಮ್ಮ ಹೋಗಲಿಲ್ಲ. ಕರೆಯಲು ಬಂದವರಿಗೆ ಪುರಸೊತ್ತಿಲ್ಲ ಎಂದಳು. ಪುರಸೊತ್ತಿತ್ತು. ಆ ಮುನಿಸು ಇಳಿಯುವ ಮೊದಲೇ, ಮುಂಗಾರಿನ ಹೊತ್ತಿಗೆ, ನಾಲ್ಕು ದಿನದ ಜ್ವರದಲ್ಲಿ ಈರಕ್ಕ ತೀರಿಕೊಂಡಳು. ಸುದ್ದಿ ಬಬ್ಬೂರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ತಿಥಿಯ ದಿನ ಈರಕ್ಕನ ಅತ್ತೆ ಜುಂಜಮ್ಮ ಓಬಮ್ಮನನ್ನು ಅಡುಗೆಮನೆಗೆ ಕರೆದಳು. ಮೂಲೆಯಲ್ಲಿ ಒಂದು ಹೊಸ ಮಡಕೆ ಬೋರಲು ಬಿದ್ದಿತ್ತು.

“ನೀನು ಕೊಟ್ಟ ಪಾತ್ರೇಲಿ ಸೀಕು ಏಳಲ್ಲ ಕಣವ್ವ. ಕೆರೆದ್ರೆ ಬರೀ ಪುಡಿ. ಬೆರಳ ಗೆಣ್ಣೆಲ್ಲ ತರಚ್ಕೊಂಡ್ಳು. ‘ಓಬಿ ಅಷ್ಟು ದೂರ ಹೊತ್ತು ತಂದವ್ಳೆ, ಇದು ಸರಿಯಿಲ್ಲ ಅಂತ ಹೆಂಗನ್ಲಿ ಅತ್ತೆ’ ಅಂತಿದ್ಲು. ನೀನು ಯುಗಾದಿಗೆ ಬರ್ತೀಯಂತ ಈ ಮಡಕೆ ತಂದು, ಗಂಜಿ ಕಾಯ್ಸಿ ಹದ ಮಾಡಿಟ್ಲು. ಯಾರನ್ನೂ ಮುಟ್ಟಕೆ ಬಿಡ್ಲಿಲ್ಲ.” ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು. “ಸೂತಕದ ಮನೆ ಮಡಕೆ ಎಸೀಬೇಕು. ಇದನ್ನ ಎಸೆಯಕೆ ಕೈ ಬರ್ಲಿಲ್ಲ. ತಗಂಡು ಹೋಗು.”

ಬಸ್ಸಿನಲ್ಲಿ ಕಂಡಕ್ಟರು, “ಮಡಕೆ ಕೆಳಗಿಡ್ರಿ, ಬ್ರೇಕ್ ಹಾಕಿದ್ರೆ ಒಡೀತೈತೆ” ಎಂದ. ಅವಳು ಹಿರಿಯೂರಿನವರೆಗೂ ಮಡಿಲಿನಿಂದ ಇಳಿಸಲಿಲ್ಲ.

ಮರುದಿನ ಅದರಲ್ಲೇ ಮುದ್ದೆ ತಿರುವಿ, ಖಾಲಿ ಮಡಕೆಯನ್ನು ಕೆಂಡದ ಮೇಲಿಟ್ಟು ಕೂತಳು. ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದು. ಅಷ್ಟು ವರ್ಷ ತಿಂದಿದ್ದಳೇ ಹೊರತು ಒಂದು ದಿನವೂ ತಾನಾಗಿ ಎಬ್ಬಿಸಿದವಳಲ್ಲ. ಕೈ ಸೌಟಿಗೆ ಹೋಯಿತು. ತಡಿ ಎನ್ನುವವರಿರಲಿಲ್ಲ. ಕೆರೆದಳು. ಸೀಕು ಹಸಿಹಸಿಯಾಗಿ, ಚೂರುಚೂರಾಗಿ ಬಂತು.